ಕಣ್ಣಿಡದ ಮಣ್ಣು

ನಾನು ಒಂದು ಬುಟ್ಟಿ ಕೆರೆಗೋಡು, ಕೆರೆಯ ತಳದ ಮಣ್ಣು. ಮೇಲಿನ ಹೊಲಗಳಿಂದ, ಗುಡ್ಡದ ಬುಡದಿಂದ, ಯಾವ ಯಾವುದೋ ಕಾಲದ ಮಳೆನೀರು ನನ್ನನ್ನು ಚೂರುಚೂರಾಗಿ ಹೊತ್ತು ತಂದು, ಅರಸೀಕೆರೆಗೆ ಮೂರು ಮೈಲಿ ದೂರದ ಒಂದು ಸಣ್ಣ ಕೆರೆಗೆ ಇಳಿಸಿತು. ದಪ್ಪ ಮರಳು ಹಳ್ಳದ ಬಾಯಲ್ಲಿಯೇ ನಿಂತುಬಿಟ್ಟಿತು. ನುಣ್ಣಗಿದ್ದ ನಾನು ಕೆರೆಯ ನಡುವಿನವರೆಗೆ ತೇಲಿ ಹೋಗಿ, ನೀರು ಅಲುಗದೆ ನಿಂತ ಮೇಲೆ ನಿಧಾನವಾಗಿ ತಳ ಸೇರಿದೆ. ಅಲ್ಲಿ ಎಷ್ಟು ವರ್ಷ ಮಲಗಿದ್ದೆನೋ ತಿಳಿಯದು. ಎಮ್ಮೆಗಳು ನನ್ನ ಮೇಲೆ ಹೊರಳಿದವು. ಏಡಿಗಳು ನನ್ನಲ್ಲಿ ಬಿಲ ಮಾಡಿದವು. ತಾವರೆಯ ಬೇರುಗಳು ನನ್ನೊಳಗೆ ಬಂದು ಹೋದವು.

ಮೊದಲೇ ಒಂದು ಮಾತನ್ನು ಹೇಳಿಬಿಡುತ್ತೇನೆ. ನನಗೆ ಕಣ್ಣಿಲ್ಲ. ಭಾರ, ಬಿಸಿ, ತಂಪು, ಸದ್ದು ಇಷ್ಟೇ ನನಗೆ ಗೊತ್ತಾಗುವುದು. ಮನುಷ್ಯರನ್ನು ನಾನು ಅವರ ಕೈಕಾಲುಗಳಿಂದ ಗುರುತಿಸುತ್ತೇನೆ. ಉಳಿದದ್ದನ್ನು ಅವರ ಮಾತಿನಿಂದ ತಿಳಿದುಕೊಳ್ಳುತ್ತೇನೆ. ಆದ್ದರಿಂದ ನಾನು ಹೇಳುವ ಕಥೆಯಲ್ಲಿ ಬಣ್ಣಗಳು ಕಡಿಮೆ.

ನಾನು ಮೊದಲು ಅರಿತ ಮನುಷ್ಯ ಕುಂಬಾರ ಗುರುಸಿದ್ದಶೆಟ್ಟರು. ಅವರ ಹಿಮ್ಮಡಿ ಬಿರುಕು ಬಿಟ್ಟಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅವರು ನನ್ನನ್ನು ಅಗೆದು ಗಾಡಿಗೆ ತುಂಬಿ ತಂದರು. ಅಂಗಳದಲ್ಲಿ ನೀರು ಚಿಮುಕಿಸಿ, ಎರಡು ದಿನ ಗೋಣಿಯ ಕೆಳಗೆ ನೆನೆಸಿ, ಮೂರನೆಯ ದಿನ ತುಳಿದರು. ಆ ಹಿಮ್ಮಡಿಗೆ ನನ್ನೊಳಗಿನ ಒಂದೊಂದು ಕಲ್ಲೂ ಗೊತ್ತಾಗುತ್ತಿತ್ತು. ಕಾಲು ನಿಂತ ಕಡೆ ಬಗ್ಗಿ ಕಲ್ಲನ್ನು ತೆಗೆದು ಎಸೆಯುತ್ತಿದ್ದರು.

ಆ ವಾರವೇ ಒಬ್ಬರು ಸೈಕಲ್ಲಿನಲ್ಲಿ ಬಂದರು. ರೇವಣಸಿದ್ದಪ್ಪ ಎಂದು ಅವರ ಹೆಸರು. ರೈಲ್ವೆಯಲ್ಲಿ ಸಿಗ್ನಲ್ ರಿಪೇರಿಯ ಕೆಲಸ ಮಾಡಿ ನಿವೃತ್ತರಾದವರು. ಬಂದವರು ನನ್ನಲ್ಲಿ ಹೆಬ್ಬೆರಳನ್ನು ಒತ್ತಿ, ಒತ್ತಿದ ಗುರುತು ಹಾಗೆಯೇ ನಿಂತದ್ದನ್ನು ಕಂಡು ಸಂತೋಷಪಟ್ಟರು.

"ಶೆಟ್ರೆ, ಇದು ಬೆಣ್ಣೆ ಇದ್ದಂಗಿದೆ. ನಮ್ಮ ಗಣಪನಿಗೆ ಇದೇ ಇರಲಿ. ಬಣ್ಣ ಗಿಣ್ಣ ಬಳಿದುಬಿಟ್ಟೀರ ಮತ್ತೆ."

"ಇಪ್ಪತ್ತು ವರ್ಸದಲ್ಲಿ ಒಂದ್ಸಲ ಬಳ್ದಿದೀನಾ ಸಾಮಿ? ನಿಮ್ಮನೆ ಗಣಪ ಬರೀ ಮೈಲೇ ಬರೋದು. ಅವನಿಗೂ ಅಭ್ಯಾಸ ಆಗೋಗೈತೆ."

ಇಬ್ಬರೂ ನಕ್ಕರು. ನಾನು ಗಣಪತಿಯಾಗುತ್ತೇನೆ ಎಂದು ನನಗೆ ತಿಳಿದದ್ದು ಹಾಗೆ. ಕೆರೆಯ ತಳದಲ್ಲಿ ಮಲಗಿದ್ದ ಮಣ್ಣಿಗೆ ಇದಕ್ಕಿಂತ ದೊಡ್ಡ ಭಾಗ್ಯ ಇನ್ನೇನಿದೆ? ಆ ದಿನದಿಂದ ನಾನು ಕಾಯತೊಡಗಿದೆ.

ಆಷಾಢದಲ್ಲಿ ಸುದ್ದಿ ಬಂದಿತು. ರೇವಣಸಿದ್ದಪ್ಪನವರು ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಮನೆಯ ಗಾಜಿನ ತೊಟ್ಟಿಯ ಮೀನುಗಳಿಗೆ ಕಾಳು ಹಾಕಿ ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲವಂತೆ. ಶೆಟ್ಟರು ಅಂದು ಕೆಲಸ ಮಾಡಲಿಲ್ಲ. ಮಾರನೆಯ ದಿನ ಎದ್ದು ನನ್ನನ್ನೇ ಕೈಗೆ ತೆಗೆದುಕೊಂಡರು. ಅವರ ಹೆಂಡತಿ ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು ಕೇಳಿದರು:

"ಆ ಮನೇಲಿ ವರ್ಸ ತುಂಬೋಗಂಟ ಹಬ್ಬ ಇಲ್ಲ. ಇದನ್ನ ಯಾರಿಗೆ ಮಾಡ್ತಾ ಇದೀಯ?"

"ನಾನೆಲ್ಲಿ ಮಾಡ್ದೆ? ಕೈ ಮಾಡ್ತು."

"ಹಂಗಾದ್ರೆ ಆ ಕೈಗೆ ಹೇಳು, ಹಿತ್ಲಲ್ಲಿ ಸೌದೆ ಬಿದ್ದೈತೆ, ಒಡೀಲಿ."

ಶೆಟ್ಟರು ಸೌದೆಯ ಕಡೆ ಹೋಗಲಿಲ್ಲ. ಒಂದೂವರೆ ಅಡಿಯ ಗಣಪತಿಯನ್ನು ಮಾಡಿ ಹಲಗೆಯ ಮೇಲೆ ಇಟ್ಟರು.

ಶೆಟ್ಟರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಗಣಪತಿಗೆ ಕಣ್ಣನ್ನು ಮುಂಚೆಯೇ ಇಡುತ್ತಿರಲಿಲ್ಲ. ಹಬ್ಬದ ಬೆಳಿಗ್ಗೆ ಕೊಳ್ಳುವ ಮನೆಯವರು ತಟ್ಟೆಯಲ್ಲಿ ಅಕ್ಕಿ, ವೀಳ್ಯದೆಲೆ ಇಟ್ಟುಕೊಂಡು ಬಂದ ಮೇಲೆ, ಅವರ ಎದುರಿಗೇ ಶೆಟ್ಟರು ಮಸಿಕಡ್ಡಿಯಿಂದ ಎರಡು ಬೊಟ್ಟು ಇಡುತ್ತಿದ್ದರು. ಕರೆದುಕೊಂಡು ಹೋಗುವವರು ಬಂದಾಗ ತಾನೆ ಕಣ್ಣು ತೆರೆಯಬೇಕು ಎಂದು ಅವರ ನಂಬಿಕೆ. ಹಬ್ಬದ ದಿನ ನನ್ನ ಅಕ್ಕಪಕ್ಕದವರೆಲ್ಲ ಒಬ್ಬೊಬ್ಬರಾಗಿ ಕಣ್ಣು ಪಡೆದು, ಅಕ್ಕಿಯ ಮೇಲೆ ಕುಳಿತು, ಜಾಗಟೆಯ ಸದ್ದಿನಲ್ಲಿ ಹೊರಟುಹೋದರು. ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮೇಲೆ ನಾನೊಬ್ಬನೇ ಇದ್ದೆ. ಹಲಗೆಗೆ ಭಾರ ಕಡಿಮೆಯಾಗಿ ನನ್ನ ಕಡೆಗೆ ಸ್ವಲ್ಪ ವಾಲಿತ್ತು. ಶೆಟ್ಟರು ಬಂದು ನನ್ನ ತಲೆಯ ಮೇಲೆ ಒದ್ದೆ ಬಟ್ಟೆಯನ್ನು ಹೊದಿಸಿ ಹೋದರು. ದೇವರ ಇಚ್ಛೆ ಎಂದುಕೊಂಡೆ. ಆದರೂ ದುಃಖವಾಯಿತು.

ಹತ್ತು ದಿನ ಕಳೆದ ಮೇಲೆ ಒಬ್ಬ ಹೆಂಗಸು ಬಂದರು. ಮೆತ್ತಗಿನ ಹೆಜ್ಜೆ, ಆದರೆ ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದ ಹೆಜ್ಜೆ. ಅವರೇ ರೇವಣಸಿದ್ದಪ್ಪನವರ ಪತ್ನಿ ಸರ್ವಮಂಗಳಮ್ಮ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಅಟೆಂಡರ್ ಆಗಿ ಮೂವತ್ತು ವರ್ಷ ದುಡಿದವರು.

"ಶೆಟ್ರೆ, ಒಂದಿಷ್ಟು ಕೆರೆ ಮಣ್ಣು ಬೇಕಿತ್ತು."

"ಕೂತ್ಕಳಿ ಅವ್ವ. ಮಣ್ಣು ಯಾತಕ್ಕೆ?"

"ನಮ್ಮನೆಯವರ ಮೀನಿನ ತೊಟ್ಟಿಗೆ. ತಳಕ್ಕೆ ಹಾಕಕ್ಕೆ."

ಅವರು ಹೇಳಿದ್ದು ಇಷ್ಟು. ಹಜಾರದಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ ಇದೆ. ಅದರಲ್ಲಿ ಏಳು ಸಣ್ಣ ಮೀನುಗಳಿವೆ. ಘಟ್ಟದ ಕೆಳಗಿನ ಸ್ಟೇಷನ್ನಿನಲ್ಲಿದ್ದ ಸ್ನೇಹಿತರೊಬ್ಬರು ಕೊಟ್ಟ ಒಂದು ನೀರುಗಿಡವನ್ನು ಯಜಮಾನರು ಹದಿನಾಲ್ಕು ವರ್ಷ ಅದರಲ್ಲಿ ಬೆಳೆಸಿದ್ದರು. ತಳದಲ್ಲಿರುವುದು ಅಂಗಡಿಯ ನೀಲಿ ಕಲ್ಲು. ಕಲ್ಲಿನಲ್ಲಿ ಗಿಡಕ್ಕೆ ತಿನ್ನಲು ಏನೂ ಇಲ್ಲ. ಅವರಿದ್ದಾಗ ಏನೋ ಗುಳಿಗೆಗಳನ್ನು ಬೇರಿಗೆ ಸಿಕ್ಕಿಸುತ್ತಿದ್ದರು. ಅದು ಯಾವ ಗುಳಿಗೆ, ಎಲ್ಲಿಂದ ತರುತ್ತಿದ್ದರು, ಯಾರಿಗೂ ಗೊತ್ತಿಲ್ಲ. ಈ ಹಬ್ಬ ಮುಗಿಯಲಿ, ಒಳ್ಳೆಯ ತಳ ಹಾಕುತ್ತೇನೆ ಎನ್ನುತ್ತಿದ್ದರು. ತೊಟ್ಟಿಯ ತುಂಬ ಇದ್ದ ಗಿಡ ಈಗ ಒಂದೇ ಬುಡಕ್ಕೆ ಬಂದಿದೆ. ನಾಲ್ಕು ಎಲೆ ಉಳಿದಿವೆ.

"ಹಾಸನದ ಅಂಗಡಿಗೆ ಹೋಗಿದ್ದೆ. ಎರಡು ಚೀಲ ಬೇಕು ಮೇಡಂ, ಜಪಾನಿನ ಮಣ್ಣು ಅಂದ. ಬೆಲೆ ಕೇಳಿ ನನಗೆ ನಗು ಬಂತು. ಅಲ್ಲಪ್ಪಾ, ಜಪಾನಿಂದ ಮಣ್ಣು ತಂದು ಅರಸೀಕೆರೇಲಿ ಹಾಕ್ಬೇಕಾ, ನಮ್ಮೂರಲ್ಲಿ ಮಣ್ಣಿಗೇನು ಬರ ಬಂದಿದ್ಯಾ ಅಂದೆ. ಗೊಬ್ಬರದ ಮಣ್ಣು ಹಾಕಿದ್ರೆ ನೀರು ನಾರತ್ತಂತೆ, ಕೆಮ್ಮಣ್ಣಲ್ಲಿ ಸಾರ ಇಲ್ವಂತೆ. ಕೆರೆ ತಳದಲ್ಲಿ ಗಿಡ ಬೆಳೆಯತ್ತಲ್ಲ ಶೆಟ್ರೆ? ಅದಕ್ಕೆ ಯಾರು ಗುಳಿಗೆ ಹಾಕ್ತಾರೆ?"

ಶೆಟ್ಟರು ಎದ್ದು ನನ್ನ ಹಲಗೆಯ ಹತ್ತಿರ ಬಂದರು.

"ಕೆರೇಲಿ ಈಗ ನೀರು ನಿಂತೈತೆ ಅವ್ವ. ಬ್ಯಾಸ್ಗೆಗಂಟ ಮಣ್ಣು ಸಿಗಲ್ಲ. ಇರೋದು ಇದೊಂದೇಯ." ಅವರು ನನ್ನ ಮೇಲಿನ ಬಟ್ಟೆಯನ್ನು ತೆಗೆದರು. "ನಿಮ್ಮದೇ ಇದು. ಅವರೇ ಬೆರಳು ಒತ್ತಿ ಆರಿಸಿದ್ದು."

ಒಂದು ಬೆರಳು ನನ್ನ ಹೊಟ್ಟೆಯನ್ನು ಮುಟ್ಟಿ ಹಿಂದೆ ಸರಿಯಿತು. ಆಮೇಲೆ ಸರ್ವಮಂಗಳಮ್ಮ ಮೆಲ್ಲನೆ ಕೇಳಿದರು:

"ದೇವರಲ್ವಾ ಶೆಟ್ರೆ?"

"ಕಣ್ಣಿಟ್ಟಿಲ್ಲ ಅವ್ವ. ಕಣ್ಣಿಡೋಗಂಟ ಮಣ್ಣೇಯ. ನಾಳೆ ನಾನೇ ನಮ್ಮ ಮಣ್ಣಿನ ತೊಟ್ಟಿಗೆ ಹಾಕಿ ಕರಗಿಸೋನಿದ್ದೆ."

ಹೀಗೆ ನಾನು ಆಟೋದಲ್ಲಿ ಅವರ ಮಡಿಲ ಮೇಲೆ ಕುಳಿತು ಊರಿಗೆ ಬಂದೆ. ದಾರಿಯುದ್ದಕ್ಕೂ ಅವರ ಎರಡು ಕೈಗಳೂ ನನ್ನ ಬೆನ್ನ ಹಿಂದೆ ಇದ್ದವು. ಹಳ್ಳ ಬಂದಾಗಲೆಲ್ಲ ಕೈ ಬಿಗಿಯಾಗುತ್ತಿತ್ತು.

ಮನೆಯಲ್ಲಿ ಇನ್ನೊಬ್ಬರಿದ್ದರು. ರೇವಣಸಿದ್ದಪ್ಪನವರ ಅಕ್ಕ ಸಿದ್ದಗಂಗಮ್ಮ. ಎಪ್ಪತ್ತೆರಡು ವರ್ಷ. ಚಿಕ್ಕವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ತಮ್ಮನನ್ನು ಎತ್ತಿ ಆಡಿಸಿದವರು. ನನ್ನನ್ನು ಬಚ್ಚಲ ಬಳಿ ಬಕೆಟ್ಟಿನ ಪಕ್ಕದಲ್ಲಿ ಇಳಿಸಿದಾಗ ಅವರು ದಡಬಡನೆ ಬಂದರು.

"ಏನೇ ಮಂಗಳಾ ಇದು? ಗಣಪ್ಪನ್ನ ತಂದು ಬಚ್ಚಲ ಮುಂದೆ ಕೂರಿಸಿದ್ಯಾ?"

"ತೊಟ್ಟಿಗೆ ಹಾಕಕ್ಕೆ ಅತ್ತಿಗೆ."

"ಶಿವಾ! ಮೀನಿನ ಹೇಲಡಿ ಗಣಪ್ಪನ್ನ ಹಾಕ್ತೀಯಾ?"

"ವರ್ಷಾ ವರ್ಷಾ ಕೆರೇಲಿ ಬಿಡ್ತಾರಲ್ಲ. ಅಲ್ಲಿ ಮೀನುಗಳು ಮಡಿ ಉಟ್ಕೊಂಡಿರ್ತಾವಾ?"

"ನಿನಗೆ ಮಾತಿಗೇನು ಕಮ್ಮಿ ಇಲ್ಲ. ಮೂವತ್ತು ವರ್ಸ ಇಸ್ಕೂಲಲ್ಲಿ ಸೀಸೆ ತೊಳ್ದಿದ್ದಕ್ಕೆ ಮಾತು ಕಲ್ತಿದ್ದೊಂದೇ ಬಂತು." ಸಿದ್ದಗಂಗಮ್ಮನವರ ದನಿ ಸಣ್ಣದಾಯಿತು. "ಆ ತೊಟ್ಟೀನ ಯಾರಿಗಾದ್ರೂ ಕೊಟ್ಟುಬಿಡೇ. ನೋಡಿದಾಗೆಲ್ಲ ಅವನು ಬಗ್ಗಿ ನಿಂತಂಗೇ ಕಾಣ್ತದೆ ನಂಗೆ."

"ನನಗೂ ಕಾಣತ್ತೆ ಅತ್ತಿಗೆ. ಅದಕ್ಕೇ ಕೊಡಲ್ಲ."

ಅತ್ತಿಗೆ ಒಳಗೆ ಹೋದರು. ಸರ್ವಮಂಗಳಮ್ಮ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕೈ ಮುಗಿದರು. "ಸ್ವಾಮಿ, ನಿನಗೆ ಪೂಜೆ ಮಾಡೋ ಹಾಗಿಲ್ಲ ಈ ವರ್ಷ. ತಪ್ಪಾದ್ರೆ ನನ್ನ ತಲೆ ಮೇಲಿರಲಿ. ಆ ಗಿಡ ಉಳಿಸಿಕೊಡು" ಎಂದರು. ಹೀಗೆ ಹೇಳಿ ಮೊದಲನೆಯ ತಂಬಿಗೆ ನೀರನ್ನು ನನ್ನ ತಲೆಯ ಮೇಲೆ ಸುರಿದರು. ಸೊಂಡಿಲು ಮೊದಲು ಕರಗಿತು, ಆಮೇಲೆ ಕೈಗಳು, ಹೊಟ್ಟೆ ಬಹಳ ಹೊತ್ತು ಇತ್ತು. ನನಗೆ ನೋವಾಯಿತೇ ಎಂದು ಕೇಳಬೇಡಿ. ಕೆರೆಯಲ್ಲಿ ನಾನು ಹೀಗೆಯೇ ಇದ್ದೆ. ಆದರೆ ಆಕಾರ ಎಂಬುದು ಒಂದು ಸಲ ಬಂದ ಮೇಲೆ ಬಿಟ್ಟುಕೊಡುವುದು ಸುಲಭವಲ್ಲ.

ಅವರು ನನ್ನನ್ನು ಹಳೆಯ ಹತ್ತಿ ಸೀರೆಯಲ್ಲಿ ಸೋಸಿದರು. ಬಿರುಕು ಬಿಡದಿರಲೆಂದು ಶೆಟ್ಟರು ಬೆರೆಸಿದ್ದ ನಾರನ್ನೆಲ್ಲ ಬೆರಳಿನಿಂದ ಆರಿಸಿ ತೆಗೆದರು. ಪರೀಕ್ಷೆಗೆಂದು ಒಂದು ಸೌಟಿನಷ್ಟನ್ನು ಉಪ್ಪಿನಕಾಯಿಯ ಗಾಜಿನ ಭರಣಿಗೆ ಹಾಕಿ ನಲ್ಲಿಯ ಕೆಳಗೆ ಹಿಡಿದರು. ಇಲ್ಲಿ ಅವರು ತಪ್ಪಿದರು. ನೀರು ರಭಸವಾಗಿ ಬಿದ್ದದ್ದೇ ತಡ, ನಾನು ಎದ್ದು ಭರಣಿಯ ತುಂಬ ಹರಡಿಕೊಂಡೆ. ಒಂದು ದಿನವಾಯಿತು, ಎರಡು ದಿನವಾಯಿತು, ಇಳಿಯಲಿಲ್ಲ. ನುಣ್ಣನೆಯ ಮಣ್ಣಿನ ಸ್ವಭಾವವೇ ಅದು.

"ಮೀನುಗಳಿಗೆ ರಾಗಿ ಅಂಬಲಿ ಕಾಸಿದ್ಯಾ?" ಎಂದು ಸಿದ್ದಗಂಗಮ್ಮ ಕೇಳಿದರು. "ಉಪ್ಪು ಹಾಕಿದ್ಯೋ ಇಲ್ವೋ?"

ಸರ್ವಮಂಗಳಮ್ಮ ಭರಣಿಯನ್ನು ಚೆಲ್ಲಿ ತೊಳೆದಿಟ್ಟರು. ಎರಡು ದಿನ ಯೋಚಿಸಿದರು. ಮೂರನೆಯ ದಿನ ನನ್ನನ್ನು ಚಿಗಳಿ ಉಂಡೆಯ ಹಾಗೆ ಸಣ್ಣ ಸಣ್ಣ ಉಂಡೆ ಕಟ್ಟಿ, ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುವ ಪಂಚೆಯ ಮೇಲೆ ಹರಡಿದರು. ನಾಲ್ಕು ಬಿಸಿಲು ಕುಡಿದು ನಾನು ಗಟ್ಟಿಯಾದೆ. ಗಟ್ಟಿ ಮಣ್ಣು ಬೇಗ ಏಳುವುದಿಲ್ಲ. ಮೇಲೆ ಏನಾದರೂ ಭಾರ ಹೊದಿಸಿದರೆ ಏಳುವುದೇ ಇಲ್ಲ.

ಆ ಹೊದಿಕೆ ಯಾವುದು ಎಂಬುದೇ ಮುಂದಿನ ಪ್ರಶ್ನೆಯಾಯಿತು. ನೀಲಿ ಕಲ್ಲು ದಪ್ಪ, ಸಂದಿಯಲ್ಲಿ ನಾನು ಹೊರಗೆ ಬರುತ್ತೇನೆ. ನರ್ಸರಿಯವನು ಕುಂಡಗಳ ಮೇಲೆ ಹಾಕುವ ಬಿಳಿ ಹರಳನ್ನು ಕಡಿಮೆ ಬೆಲೆಗೆ ಕೊಟ್ಟ. ನೋಡಲು ಮಲ್ಲಿಗೆ ಮೊಗ್ಗಿನ ಹಾಗಿದೆ ಎಂದು ಸಿದ್ದಗಂಗಮ್ಮನವರೂ ಒಪ್ಪಿದರು. ಸರ್ವಮಂಗಳಮ್ಮ ಸುಮ್ಮನೆ ಒಂದು ನಿಂಬೆಹಣ್ಣನ್ನು ಹೆಚ್ಚಿ ಅದರ ಮೇಲೆ ಹಿಂಡಿದರು. ಪಕ್ಕದಲ್ಲಿಯೇ ಮೊರದಲ್ಲಿದ್ದ ನನಗೂ ಬುರಬುರ ಎಂಬ ಸದ್ದು ಕೇಳಿಸಿತು.

"ಅಯ್ಯೋ, ಇದೇನೇ ಕಲ್ಲು ನೊರೆ ಕಾರ್ತದೆ!"

"ಸುಣ್ಣದ ಕಲ್ಲು ಅತ್ತಿಗೆ. ನೀರಿಗೆ ಹಾಕಿದ್ರೆ ದಿನಾ ಸ್ವಲ್ಪ ಸುಣ್ಣ ಬಿಡತ್ತೆ. ಗಿಡ ಸಾಯತ್ತೆ. ಸೀಸೆ ತೊಳೆದದ್ದು ಇದಕ್ಕಾದ್ರೂ ಬಂತಲ್ಲ."

ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರನ್ನು ಕೇಳಿ ಎರಡು ಬಾಂಡಲಿ ಎಂ ಸ್ಯಾಂಡ್, ಎಂದರೆ ಕಲ್ಲು ಪುಡಿಯ ಮರಳು, ತಂದರು. ಅದರ ಮೇಲೂ ನಿಂಬೆ ಹಿಂಡಿದರು, ಸದ್ದಿಲ್ಲ. ಅದನ್ನು ಹದಿನೇಳು ಸಲ ತೊಳೆದರು. ಹದಿನೇಳನೆಯ ಸಲ ನೀರು ತಿಳಿಯಾಯಿತಂತೆ. ಅವರ ಸೊಂಟ ಹಿಡಿದುಕೊಂಡಿತು. ಸಿದ್ದಗಂಗಮ್ಮ ಬೈದುಕೊಳ್ಳುತ್ತಲೇ ಎಣ್ಣೆ ಕಾಯಿಸಿ ತಂದು ತಿಕ್ಕಿದರು.

ಒಂದು ಸೋಮವಾರ ತೊಟ್ಟಿಯನ್ನು ಖಾಲಿ ಮಾಡಿದರು. ಮೀನುಗಳು ಬಕೆಟ್ಟಿಗೆ ಹೋದವು. ನೀಲಿ ಕಲ್ಲು ಗೋಣಿಗೆ ಹೋಯಿತು. ಗಾಜಿನ ತಳದಲ್ಲಿ ಎರಡು ಬೆರಳು ದಪ್ಪಕ್ಕೆ ನನ್ನನ್ನು ಹರಡಿದರು; ನನ್ನ ಮೇಲೆ ಎರಡು ಬೆರಳು ಮರಳು. ಅದರ ಮೇಲೆ ಊಟದ ತಟ್ಟೆಯನ್ನು ಇಟ್ಟು, ತಟ್ಟೆಯ ಮೇಲೆ ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟರು. ಭರಣಿಯ ತಪ್ಪನ್ನು ಅವರು ಎರಡನೆಯ ಸಲ ಮಾಡಲಿಲ್ಲ. ನೀರು ತಟ್ಟೆಯ ಅಂಚಿನಿಂದ ಮೆಲ್ಲಗೆ ಇಳಿದು ಹರಡಿತು. ನಾನು ಅಲುಗಲಿಲ್ಲ. ಮೇಲೆ ನೀರಿನ ಭಾರ ಏರುತ್ತ ಹೋಯಿತು. ಎಷ್ಟೋ ತಿಂಗಳ ನಂತರ ನನಗೆ ಮೈ ಸಡಿಲವಾದಂತಾಯಿತು.

ಕೊನೆಯಲ್ಲಿ ಅವರು ಎರಡು ಬೆರಳಿನಿಂದ ಮರಳನ್ನು ಸರಿಸಿ ಆ ಗಿಡದ ಬುಡವನ್ನು ನನ್ನಲ್ಲಿ ಊರಿದರು. ಬೇರುಗಳು ಕುಂದಿಹೋಗಿದ್ದವು, ಮುದುಕರ ಕೂದಲಿನ ಹಾಗೆ.

ಐದನೆಯ ದಿನ ಒಂದು ಎಲೆ ಕರಗಿತು. ಒಣಗಲಿಲ್ಲ, ಕೊಳೆಯಲಿಲ್ಲ; ಬಿಸಿ ನೀರಿಗೆ ಬಿದ್ದ ಹಪ್ಪಳದ ಹಾಗೆ ಕರಗಿ ನನ್ನ ಮೇಲಿನ ಮರಳಿಗೆ ಲೋಳೆಯಾಗಿ ಬಿದ್ದಿತು. ಏಳನೆಯ ದಿನ ಇನ್ನೆರಡು. ಒಂಬತ್ತನೆಯ ದಿನ ನಾಲ್ಕನೆಯದೂ ಹೋಯಿತು. ಮರಳಿನ ಮೇಲೆ ಉಗುರಿನಷ್ಟು ಬುಡ ಮಾತ್ರ ನಿಂತಿತ್ತು.

ಸಿದ್ದಗಂಗಮ್ಮ ತೊಟ್ಟಿಯ ಮುಂದೆ ಕುಳಿತು ಅತ್ತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕಿತ್ತು ಹಾಕೇ ಮಂಗಳಾ. ಒಂದು ಸಾವು ಈ ಹಜಾರದಲ್ಲಿ ನೋಡಿದ್ದು ಸಾಲ್ದಾ? ದಿನಾ ಸ್ವಲ್ಪ ಸ್ವಲ್ಪ ಇನ್ನೊಂದು ನೋಡ್ಬೇಕಾ?"

"ಕೀಳಲ್ಲ."

"ಏನೈತೆ ಅದರಲ್ಲಿ? ಒಂದು ಎಲೆ ಇಲ್ಲ, ಎಸಳಿಲ್ಲ."

"ಗೊತ್ತಿಲ್ಲ ಅತ್ತಿಗೆ. ಮೂರು ತಿಂಗಳು ಕೈ ಹಾಕಲ್ಲ. ಅಲ್ಲೀಗಂಟ ನೀವೂ ಹಾಕ್ಬೇಡಿ."

ಮೂರು ತಿಂಗಳು ಎಂದು ಅವರು ಯಾವ ಲೆಕ್ಕದಲ್ಲಿ ಹೇಳಿದರೋ ಅವರಿಗೇ ಗೊತ್ತಿರಲಿಲ್ಲ. ಆದರೆ ಅಂದಿನಿಂದ ಅವರು ಬೆಳಿಗ್ಗೆ ಏಳು ಗಂಟೆಗೆ ತೊಟ್ಟಿಯ ದೀಪ ಹಾಕುವುದನ್ನು ಬಿಡಲಿಲ್ಲ. ಸಂಜೆ ಮೂರು ತಂಬಿಗೆ ನೀರು ತೆಗೆದು ಮೂರು ತಂಬಿಗೆ ಹೊಸ ನೀರು ಹಾಕುವುದನ್ನು ಬಿಡಲಿಲ್ಲ. ಪೂಜೆಯಿಲ್ಲದ ಮನೆಯಲ್ಲಿ ಅದೇ ಒಂದು ನೇಮವಾಯಿತು. ನೋಡಲು ಬಂದವರು, ಖಾಲಿ ಮರಳಿಗೆ ದೀಪ ಯಾಕೆ ಎಂದು ಕೇಳಿದರೆ, "ಮೀನಿಗೆ" ಎಂದುಬಿಡುತ್ತಿದ್ದರು.

ಈಗ ನಾನು ನಿಮಗೆ ಹೇಳಬೇಕಾದದ್ದು ಇದೆ. ಮೇಲೆ ಅವರಿಬ್ಬರೂ ದುಃಖದಲ್ಲಿದ್ದಾಗ ಕೆಳಗೆ ನನಗೆ ಒಂದು ವಿಷಯ ಗೊತ್ತಿತ್ತು. ಹನ್ನೆರಡನೆಯ ದಿನ ಆ ಬುಡದಿಂದ ಒಂದು ಬೇರು ಹೊರಟಿತು. ಸೂಜಿಯ ಮೊನೆಯಷ್ಟು ಸಣ್ಣದು, ಬೆಳ್ಳನೆಯದು ಎಂದು ನೀವು ಹೇಳುತ್ತೀರಿ. ನನಗೆ ಬಣ್ಣ ಗೊತ್ತಿಲ್ಲ, ಚುಚ್ಚಿದ್ದು ಮಾತ್ರ ಗೊತ್ತು. ಅದು ನನ್ನೊಳಗೆ ತಡವರಿಸಿತು. ಒಂದು ಕಡೆ ಗಟ್ಟಿ ಸಿಕ್ಕಿದರೆ ಇನ್ನೊಂದು ಕಡೆಗೆ ತಿರುಗಿತು. ಆಮೇಲೆ ಎರಡನೆಯದು, ಮೂರನೆಯದು. ಆ ಗಿಡದ ರೀತಿಯೇ ಅಂಥದು. ಜಾಗ ಬದಲಾದರೆ ಹಳೆಯ ಎಲೆಗಳನ್ನೆಲ್ಲ ಬಿಟ್ಟುಬಿಡುತ್ತದೆ. ಇರುವ ಶಕ್ತಿಯನ್ನೆಲ್ಲ ಬೇರಿಗೆ ಇಳಿಸುತ್ತದೆ. ನನ್ನಲ್ಲಿ ನೂರಾರು ಮಳೆಗಾಲಗಳ ಸಾರ ಇತ್ತು. ನಾನು ಏನನ್ನೂ ಹಿಡಿದಿಟ್ಟುಕೊಳ್ಳಲಿಲ್ಲ. ಕೂಗಿ ಹೇಳಲು ಬಾಯಿ ಇರಲಿಲ್ಲ. ಒಂದು ಗುಳ್ಳೆಯನ್ನಾದರೂ ಮೇಲಕ್ಕೆ ಕಳಿಸೋಣವೆಂದರೆ ಅದೂ ನನ್ನ ಕೈಯಲ್ಲಿರಲಿಲ್ಲ. ಮೇಲೆ ದುಃಖವಿದ್ದಾಗ ಕೆಳಗೆ ಶುಭವಾರ್ತೆ ಇಟ್ಟುಕೊಂಡು ಸುಮ್ಮನಿರುವುದು ಬಹಳ ಕಷ್ಟದ ಕೆಲಸ.

ಐದು ವಾರ ಕಳೆಯಿತು. ಗಂಡನ ಪಿಂಚಣಿಯ ಕಾಗದಕ್ಕೆ ಸಹಿ ಮಾಡಲು ಸರ್ವಮಂಗಳಮ್ಮ ಬೆಳಗಿನ ರೈಲಿಗೆ ಮೈಸೂರಿಗೆ ಹೊರಟರು. ಹೋಗುವಾಗ ದೀಪ ಹಾಕಿ ಹೋದರು. ಬಾಗಿಲು ಮುಚ್ಚಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ತೊಟ್ಟಿಯ ಮುಚ್ಚಳ ಎತ್ತಿದ ಸದ್ದಾಯಿತು.

ನೀರಿನೊಳಗೆ ಒಂದು ಕೈ ಇಳಿಯಿತು. ಸರ್ವಮಂಗಳಮ್ಮನ ಕೈ ನನಗೆ ಗೊತ್ತು, ಇದು ಅದಲ್ಲ. ಇದು ಒಣಗಿದ, ಗೆಣ್ಣು ಊದಿದ, ಆದರೆ ಕಳೆ ಕಿತ್ತು ಅಭ್ಯಾಸವಿದ್ದ ಕೈ. ಮೀನುಗಳು ದಿಕ್ಕಾಪಾಲಾದವು. ಕೈ ಮರಳನ್ನು ತಡಕಿ ಬುಡವನ್ನು ಹುಡುಕಿತು. ಸಿಕ್ಕಿತು. ಹೆಬ್ಬೆರಳು, ತೋರುಬೆರಳು ಸೇರಿ ಅದನ್ನು ಹಿಡಿದವು.

"ಸಾಕು ಕಣಪ್ಪಾ, ಹೋಗಿಬಿಡು ನೀನೂ" ಎಂದು ಸಿದ್ದಗಂಗಮ್ಮ ಮೇಲಿನಿಂದ ಹೇಳಿದರು. ಗಿಡಕ್ಕೆ ಹೇಳಿದರೋ, ಇನ್ನಾರಿಗೆ ಹೇಳಿದರೋ.

ಎಳೆದರು.

ನಾನು ಹಿಡಿದೆ. ನನ್ನ ಜನ್ಮದಲ್ಲಿ ನಾನು ಬೇಕೆಂದು ಮಾಡಿದ ಕೆಲಸ ಅದೊಂದೇ. ಕೆರೆಯಲ್ಲಿ ಮಳೆ ತಂದು ಇಳಿಸಿತು, ಶೆಟ್ಟರು ಬೇಕಾದಂತೆ ತಿದ್ದಿದರು, ಸರ್ವಮಂಗಳಮ್ಮ ಕರಗಿಸಿದರು. ಎಲ್ಲಕ್ಕೂ ನಾನು ಒಪ್ಪಿಕೊಂಡೆ. ಇದಕ್ಕೆ ಒಪ್ಪಲಿಲ್ಲ. ಶೆಟ್ಟರು ತುಳಿದು ತುಳಿದು ನನ್ನಲ್ಲಿ ತುಂಬಿದ್ದ ಅಂಟನ್ನೆಲ್ಲ ಒಟ್ಟುಮಾಡಿ ಒಂದೊಂದು ಬೇರಿನ ಸುತ್ತಲೂ ಬಿಗಿಯಾದೆ. ಬೇರುಗಳೂ ನನ್ನನ್ನು ಹಿಡಿದವು. ನಮ್ಮಿಬ್ಬರ ನಡುವೆ ಮಾತಿಲ್ಲ, ಆದರೂ ಒಪ್ಪಂದವಾಯಿತು.

ಕೈ ನಿಂತಿತು.

ಮತ್ತೆ ಎಳೆದರು, ಈ ಸಲ ಮೆತ್ತಗೆ, ನಿದ್ದೆಯಲ್ಲಿರುವ ಮಗು ತಮ್ಮ ಬೆರಳನ್ನು ಹಿಡಿದಿದ್ದರೆ ಬಿಡಿಸಿಕೊಳ್ಳುವ ಹಾಗೆ. ಬುಡ ಬರಲಿಲ್ಲ. ಆ ಕೈ ಬಹಳ ಹೊತ್ತು ನೀರಿನಲ್ಲಿಯೇ ಇತ್ತು. ಓಡಿಹೋಗಿದ್ದ ಮೀನುಗಳು ಮರಳಿ ಬಂದು ಅದರ ಕೂದಲನ್ನು ಕಚ್ಚಿ ನೋಡಿದವು. ಆಮೇಲೆ ಆ ಬೆರಳುಗಳು ಸುತ್ತ ಸಡಿಲವಾಗಿದ್ದ ಮರಳನ್ನು ಬುಡದ ಕಡೆಗೆ ಒತ್ತಿ ಒತ್ತಿ ಸರಿಮಾಡಿದವು. ಅವರಿಗೆ ಬೆಳೆ ಗೊತ್ತಿತ್ತು. ಬೇರು ಹಿಡಿದ ಗಿಡದ ಬಿಗಿ ಕೈಗೆ ಹೇಗೆ ಸಿಗುತ್ತದೆ ಎಂದು ಗೊತ್ತಿತ್ತು.

ಸಂಜೆ ಸರ್ವಮಂಗಳಮ್ಮ ಬಂದಾಗ ಅತ್ತಿಗೆ ಬಾಗಿಲಲ್ಲಿಯೇ ಕುಳಿತಿದ್ದರು.

"ಯಾಕೆ ಅತ್ತಿಗೆ? ಊಟ ಮಾಡಿಲ್ವಾ?"

"ಕೀಳಕ್ಕೋದೆ ಮಂಗಳಾ."

ಚೀಲ ನೆಲಕ್ಕೆ ಬಿದ್ದ ಸದ್ದಾಯಿತು.

"ಬೈಬೇಡ. ಬೈಯೋದಿದ್ರೆ ಆಮೇಲೆ ಬೈ. ಮೊದ್ಲು ಕೇಳು. ಬರ್ಲಿಲ್ಲ ಕಣೇ. ಎಳ್ದೆ. ಎರಡು ಸಲ ಎಳ್ದೆ. ಮಣ್ಣು ಬಿಡ್ಲಿಲ್ಲ. ಗಟ್ಟಿಯಾಗಿ ಹಿಡ್ಕಂಡೈತೆ. ಬದುಕೈತೆ ಮಂಗಳಾ ಅದು. ನಾನು ಬದುಕಿರೋದನ್ನ ಕೀಳಕ್ಕೋಗಿದ್ದೆ."

ಸರ್ವಮಂಗಳಮ್ಮ ಅತ್ತಿಗೆಯ ಪಕ್ಕದಲ್ಲಿ ಹೊಸ್ತಿಲ ಮೇಲೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಒಂದು ಸದ್ದು ಕೇಳಿಸಿತು. ಅಳು ಎಂದುಕೊಂಡೆ. ಅದು ನಗು. ಆ ಮನೆಯಲ್ಲಿ ನಾನು ಅವರ ನಗುವನ್ನು ಕೇಳಿದ್ದು ಅದೇ ಮೊದಲು.

"ಎರಡು ಸಲ ಎಳೆದ್ರಾ?"

"ಎರಡೇಯ. ದೇವರಾಣೆ."

"ಮೂರನೇ ಸಲ ಎಳೆದಿದ್ರೆ ತೊಟ್ಟಿ ಸಮೇತ ಬರ್ತಿತ್ತು ಬಿಡಿ. ಏಳಿ, ಅನ್ನ ಇಡ್ತೀನಿ."

ಹನ್ನೊಂದು ದಿನಗಳ ನಂತರ ಮರಳಿನ ಮೇಲೆ ಒಂದು ಎಲೆ ಸುರುಳಿ ಬಿಚ್ಚಿತು. ಮೊದಲು ಕಂಡವರು ಸಿದ್ದಗಂಗಮ್ಮ. ಕಂದು ಬಣ್ಣ ಎಂದು ಅವರು, ಇಲ್ಲ ಹಸಿರು ಎಂದು ಸರ್ವಮಂಗಳಮ್ಮ. ಅದಕ್ಕೊಂದು ಗಂಟೆ ಜಗಳವಾಯಿತು. ಮರುವರ್ಷ ಆಷಾಢ ಕಳೆದು ಹಬ್ಬ ಬಂದಾಗ ತೊಟ್ಟಿಯ ಅರ್ಧ ಭಾಗ ಗಿಡ ಹರಡಿತ್ತಂತೆ. ಶೆಟ್ಟರು ಬಣ್ಣವಿಲ್ಲದ ಇನ್ನೊಬ್ಬ ಗಣಪತಿಯನ್ನು ತಾವೇ ತಂದುಕೊಟ್ಟು, ಹಜಾರದಲ್ಲಿ ನಿಂತು ಗಾಜನ್ನು ಒಮ್ಮೆ ಬೆರಳಿನಿಂದ ತಟ್ಟಿದರು. ಆ ಬೆರಳು ನನಗೆ ಗೊತ್ತಾಯಿತು. ಹತ್ತಡಿ ದೂರದಲ್ಲಿ ಮಂಗಳಾರತಿಯ ಗಂಟೆ ಮೊಳಗಿತು. ನನಗೆ ಹೊಟ್ಟೆಕಿಚ್ಚು ಬರಬಹುದೆಂದು ಹೆದರಿದ್ದೆ. ಬರಲಿಲ್ಲ. ನನ್ನ ಕೈತುಂಬ ಕೆಲಸವಿತ್ತು.

ಈಗ ಎಂಟು ವರ್ಷಗಳಾಗಿವೆ. ನಾನು ಮುದುಕನಾಗಿದ್ದೇನೆ. ನನ್ನಲ್ಲಿದ್ದ ಸಾರದ ಬಹುಪಾಲು ಎಲೆಗಳಾಗಿ ಮೇಲೆ ಹೋಯಿತು. ಎಲ್ಲಿ ನಾನು, ಎಲ್ಲಿ ಬೇರು ಎಂದು ನನಗೇ ಬಿಡಿಸಿ ಹೇಳಲಾಗದು. ಸರ್ವಮಂಗಳಮ್ಮ ಬೇಸಿಗೆಗೊಮ್ಮೆ ಶೆಟ್ಟರ ಮಗನಿಂದ ಒಂದು ಹಿಡಿ ಹೊಸ ಗೋಡು ತರಿಸಿ, ಉಂಡೆ ಕಟ್ಟಿ, ಅಲ್ಲಲ್ಲಿ ನನ್ನೊಳಗೆ ಒತ್ತುತ್ತಾರೆ. ಮೀನುಗಳಿಗೆ ಕಾಳು ಹಾಕುವವರು ಸಿದ್ದಗಂಗಮ್ಮ. ಎಂಬತ್ತು ವರ್ಷ, ಕಣ್ಣು ಮಂಜಾಗಿದೆ. ಆದರೂ ತೊಟ್ಟಿಗೆ ಬೇರೆ ಯಾರಾದರೂ ಕೈ ಹಾಕಿದರೆ ಗದರಿಸಿಬಿಡುತ್ತಾರೆ.

ಮೊನ್ನೆ ಹೈಸ್ಕೂಲಿನ ವಿಜ್ಞಾನದ ಟೀಚರ್ ಫರ್ಜಾನಾ ಬಂದಿದ್ದರು. ಪ್ರಯೋಗಶಾಲೆಯಲ್ಲಿ ಒಂದು ತೊಟ್ಟಿ ಇಟ್ಟಿದ್ದಾರಂತೆ, ಗಿಡ ಬೇಕಂತೆ. ಸರ್ವಮಂಗಳಮ್ಮ ಕತ್ತರಿ ಆಡಿಸಿ ಐದು ಬುಡಗಳನ್ನು ಬಿಡಿಸಿದರು. ನಾನು ಈ ಸಲ ಹಿಡಿಯಲಿಲ್ಲ, ಬಿಟ್ಟುಕೊಟ್ಟೆ. ಬೇರುಗಳಿಗೆ ಅಂಟಿಕೊಂಡು ನನ್ನ ಒಂದಷ್ಟು ಭಾಗ ಒದ್ದೆ ಬಟ್ಟೆಯೊಳಗೆ ಹೋಯಿತು. ಎಲ್ಲಿ ಹಿಡಿದಿರಬೇಕು, ಎಲ್ಲಿ ಬಿಡಬೇಕು ಎಂಬುದನ್ನು ದೇವರು ಮಣ್ಣಿಗೆ ಇಷ್ಟು ನಿಧಾನವಾಗಿಯಾದರೂ ಕಲಿಸುತ್ತಾನೆ. ಅದಕ್ಕೆ ನಾನು ಕೃತಜ್ಞ.

ಟೀಚರ್ ಹೊಸ್ತಿಲು ದಾಟುವಾಗ ಸಿದ್ದಗಂಗಮ್ಮ ಒಳಗಿನಿಂದ ಕೂಗಿದರು:

"ಏ ಮೇಡಮ್ಮಾ, ಎಂಟೊಂಬತ್ತು ದಿನಕ್ಕೆ ಎಲೆ ಎಲ್ಲ ಕರಗೋಗ್ತದೆ!"

"ಅಯ್ಯೋ, ಹೌದಾ ಅಜ್ಜಿ? ಆಮೇಲೆ ಏನ್ಮಾಡ್ಲಿ?"

"ಅಳೋದಿದ್ರೆ ಅಳು. ಕೀಳ್ಬೇಡ."